ನಾನೂರು ಡಿಗ್ರಿಯಲ್ಲಿ ನಾಲ್ಕು ಟೈರು

ಬೆಳಿಗ್ಗೆ ಎದ್ದವನೇ ಬೂಟಿಗೆ ಕಾಲು ತೂರಿಸಿ, ಅಂಗಳ ದಾಟಿ, ರಸ್ತೆಯಂಚಿನ ಕಂಬದ ಮೇಲೆ ಕೂತಿದ್ದ ಅಂಚೆ ಡಬ್ಬಿಯ ಬಾಗಿಲು ತೆರೆದು ಇಣುಕುವುದು ಥರ್ಮನ್ ಪ್ರೂಯಿಟ್‌ನ ನಿತ್ಯದ ರೂಢಿ. ಹಿಮ ಬೀಳಲಿ, ಮರಳುಗಾಳಿ ಬೀಸಲಿ, ತಪ್ಪುವ ಹಾಗಿಲ್ಲ. ಅಂಚೆ ಬರುವುದು ಮಧ್ಯಾಹ್ನ. ಅದು ಅವನಿಗೂ ಗೊತ್ತು. ಭಾನುವಾರ ಅಂಚೆಯೇ ಇಲ್ಲ, ಅದೂ ಗೊತ್ತು. ಆದರೂ ಭಾನುವಾರ ಟೈ ಕಟ್ಟಿಕೊಂಡು, ಚರ್ಚಿಗೆ ಹೊರಡುವ ಮುಂಚೆ ಒಮ್ಮೆ ಇಣುಕಿಯೇ ಹೋಗುತ್ತಿದ್ದ. ಖಾಲಿ ಡಬ್ಬಿಯ ಮೂಲೆಯಿಂದ ಒಂದು ಜೇಡ ಅವನನ್ನು ನೋಡುತ್ತಿತ್ತು. ಸಾಲ್ಟ್‌ವೆಲ್ ಎಂಬ ಆ ಊರಿನಲ್ಲಿ ಅವನನ್ನು ದಿನವೂ ಕಣ್ಣಿಟ್ಟು ನೋಡುತ್ತಿದ್ದ ಜೀವ ಅದೊಂದೇ!

ಊರಿಗೆ ನೀರು ಹರಿಸುವ ಪಂಪುಮನೆಯ ಉಸ್ತುವಾರಿ ಥರ್ಮನ್‌ನದು. ಕೆಲಸಕ್ಕೆಂದು ಇಲ್ಲಿಗೆ ಬಂದು ಒಂದು ವರ್ಷ ದಾಟಿತ್ತು. ಹೆಂಡತಿ ಲೋರ್ನಾ ದೂರದ ಆಗ್ಡೆನ್ ಪಟ್ಟಣದಲ್ಲೇ ಉಳಿದಿದ್ದಳು. ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ನಿವೃತ್ತಿಯಾಗಿ ಅವಳು ಇಲ್ಲಿಗೆ ಬರುವುದು ಮುಂದಿನ ಬೇಸಿಗೆಗೆ. ಅಲ್ಲಿಯವರೆಗೆ ಸಂಸಾರವೆಲ್ಲ ಫೋನಿನ ಮೇಲೆ ನಡೆಯಬೇಕು.

"ಇವತ್ತು ಯಾರ ಜೊತೆ ಮಾತಾಡಿದೆ?" ಎಂದು ಸಂಜೆ ಲೋರ್ನಾ ಕೇಳುತ್ತಿದ್ದಳು.

"ಎರಡನೇ ಪಂಪಿನ ಜೊತೆ."

"ಏನಂತು?"

"ಗೊರ್ ಅಂತು."

"ಮನುಷ್ಯರ ಜೊತೆ?"

"ಇನ್ನೂ ಆ ಮಟ್ಟಕ್ಕೆ ಬಂದಿಲ್ಲ ಕಣೇ."

ಅವಳು ನಗುತ್ತಿದ್ದಳು.

ಹೀಗಿರುವಾಗ ಒಂದು ಶನಿವಾರ ಸಂಜೆ ಊರಾಚೆಯ ಕೆಂಪು ಬಂಡೆಗಳ ಬಳಿ ಹತ್ತು ಹನ್ನೆರಡು ಜನ ಗುಂಪು ಕಟ್ಟಿರುವುದು ಥರ್ಮನ್‌ಗೆ ಕಂಡಿತು. ಎಲ್ಲರ ಕೈಯಲ್ಲೂ ರಿಮೋಟು. ಮೊಳದುದ್ದದ ಜೀಪುಗಳು ಬಂಡೆಯ ಮೇಲೆ ಇಂಚಿಂಚಾಗಿ ಹತ್ತುತ್ತಿದ್ದವು. ಒಂದು ಜೀಪು ಜಾರಿ ಹೊಟ್ಟೆ ಮೇಲಾಗಿ ಬಿತ್ತು. ಕೂಡಲೇ ಎಲ್ಲರೂ ಒಟ್ಟಿಗೆ, ಒಂದೇ ಶ್ರುತಿಯಲ್ಲಿ, "ಅಯ್ಯೋ!" ಎಂದರು. ಥರ್ಮನ್ ಕಾರು ನಿಲ್ಲಿಸಿದ್ದು ಜೀಪು ನೋಡಲಿಕ್ಕಲ್ಲ, ಆ "ಅಯ್ಯೋ" ಕೇಳಲಿಕ್ಕೆ. ಅವನ ಮನೆಯಲ್ಲಿ ತಟ್ಟೆ ಬಿದ್ದು ಒಡೆದರೂ ಅಯ್ಯೋ ಅನ್ನುವವರಿರಲಿಲ್ಲ.

ಎದೆಯ ತನಕ ಗಡ್ಡ ಬಿಟ್ಟಿದ್ದ ಪೆಟ್ರೋಲ್ ಬಂಕಿನ ವೆಂಡೆಲ್ ಆ ಗುಂಪಿನ ಯಜಮಾನ. ಅವನೇ ಕೂಗಿದ: "ಅಲ್ಲೇ ನಿಂತು ಯಾಕೆ ನೋಡ್ತೀರಿ? ಮುಂದಿನ ಶನಿವಾರ ನೀವೂ ಒಂದು ಗಾಡಿ ಹಿಡ್ಕೊಂಡು ಬನ್ನಿ. ಯಾವುದಾದ್ರೂ ಪರವಾಗಿಲ್ಲ."

ಯಾವುದಾದರೂ! ಮೂವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದ ಥರ್ಮನ್ ಪ್ರೂಯಿಟ್ ಯಾವುದೋ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವವನೇ? ಆ ರಾತ್ರಿ ಲೋರ್ನಾಳಿಗೆ ಫೋನಿನಲ್ಲಿ ಘೋಷಿಸಿದ: "ಸ್ಪರ್ಧೆಗೆ ಪೂರ್ತಿ ಸಿದ್ಧವಾದ ಗಾಡಿ ಕಟ್ತೀನಿ. ಒಂದೊಂದು ಭಾಗಾನೂ ನಾನೇ ಆರಿಸ್ತೀನಿ. ನಾನು ಬಂಡೆ ಹತ್ರ ಹೋದ ದಿನ ಬಂಡೆನೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ನೋಡ್ತಿರು!"

"ಬಂಡೆ ಇರ್ಲಿ, ಆ ಜನರಲ್ಲಿ ಯಾರಿಗಾದ್ರೂ ನಿನ್ನ ಹೆಸರು ಹೇಳಿದ್ಯಾ?"

"ಗಾಡಿ ಸಿದ್ಧ ಆಗ್ಲಿ. ಅವರೇ ಕೇಳ್ತಾರೆ."

"ಕಟ್ಟು ಹಾಗಾದ್ರೆ. ಆದ್ರೆ ನನ್ನ ಅಡುಗೆಮನೆಗೆ ಮಾತ್ರ ಅದನ್ನ ತರಬೇಡ. ಜೋಕೆ!"

ನಿಜ ಹೇಳಬೇಕೆಂದರೆ ಥರ್ಮನ್‌ಗೆ ಸ್ವಲ್ಪ ಭಯ. ಅರೆಬರೆ ಗಾಡಿ ಹಿಡಿದು ಹೋಗಿ, ಅದು ಮಗುಚಿ, ಗುರುತಿಲ್ಲದ ಅಷ್ಟು ಜನ ನಕ್ಕುಬಿಟ್ಟರೆ? ಎಲ್ಲ ಸರಿಯಾದ ಮೇಲೆ ಹೋದರೆ ಆ ಪ್ರಶ್ನೆಯೇ ಇಲ್ಲ.

ಎಲ್ಲ ಸರಿಯಾಗುವ ಕೆಲಸ ಹಿತ್ತಾಳೆಯಿಂದ ಶುರುವಾಯಿತು. ಬಂಡೆ ಹತ್ತುವ ಗಾಡಿಗೆ ಭಾರವೆಲ್ಲ ಕೆಳಗೆ, ಚಕ್ರಗಳ ಬಳಿ ಇರಬೇಕು. ಆಗ ಮಗುಚುವುದಿಲ್ಲ ಎಂದು ಬಲ್ಲವರ ವಿಡಿಯೋಗಳು ಹೇಳಿದವು. ಥರ್ಮನ್ ಅಚ್ಚುಗಳಿಗೆ ಹಿತ್ತಾಳೆ ತೊಡಿಸಿದ, ಚಕ್ರಗಳೊಳಗೆ ಹಿತ್ತಾಳೆಯ ಬಳೆ ಇಟ್ಟ. ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯಿತು. ಮದುವಣಗಿತ್ತಿಯ ಹಾಗೆಯೇ ಅತ್ತಿತ್ತ ತಿರುಗಲು ಒಪ್ಪಲಿಲ್ಲ. ಚಕ್ರಗಳನ್ನು ಎಡಬಲಕ್ಕೆ ಹೊರಳಿಸುವ ಪುಟ್ಟ ಮೋಟಾರಿಗೆ ಆ ಭಾರ ಎಳೆಯುವ ತ್ರಾಣವಿರಲಿಲ್ಲ. ಸರಿ, ಪೈಲ್ವಾನನಂಥ ಮೋಟಾರು ತರಿಸಿದ. ಪೈಲ್ವಾನನಿಗೆ ಹಸಿವು ಜಾಸ್ತಿ. ಅದು ಒಮ್ಮೆ ಮೈಮುರಿದರೆ ಬ್ಯಾಟರಿಯ ಕಸುವೆಲ್ಲ ಅದರ ಹೊಟ್ಟೆಗೇ ಹೋಗಿ, ರಿಮೋಟು ಹೇಳಿದ್ದು ಗಾಡಿಗೆ ಕೇಳಿಸದಂತಾಯಿತು. ದೊಡ್ಡ ಬ್ಯಾಟರಿ ತರಿಸಿದ. ದೊಡ್ಡ ಬ್ಯಾಟರಿಗೆ ಜಾಗವಿದ್ದದ್ದು ಮೇಲುಗಡೆ ಮಾತ್ರ. ಮೇಲೆ ಭಾರವಾಗಿ ಗಾಡಿ ಮಗುಚಿತು. ಮಗುಚಬಾರದೆಂದರೆ ಕೆಳಗೆ ಇನ್ನಷ್ಟು ಹಿತ್ತಾಳೆ! ಇನ್ನಷ್ಟು ಹಿತ್ತಾಳೆ ಹೊತ್ತು ಹತ್ತಲು ಹೋಗಿ ಓಡಿಸುವ ಮೋಟಾರು ಹೊಗೆಯಾಡಿತು. ಅದನ್ನು ಉಳಿಸಲು ಅತಿ ನಿಧಾನದ ಗಿಯರು ಹಾಕಿದ. ಈಗ ಗಾಡಿ ಹೊರಟಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಪಕ್ಕದಲ್ಲೊಂದು ಕಲ್ಲಿಟ್ಟು ಹೋಲಿಸಿ ನೋಡಬೇಕಿತ್ತು.

ದೇವರು ಥರ್ಮನ್‌ಗೆ ಎಷ್ಟೋ ಒಳ್ಳೆಯ ಗುಣ ಕೊಟ್ಟಿದ್ದ. ‘ಸಾಕು’ ಎನ್ನುವ ಗುಣ ಹಂಚುವ ಹೊತ್ತಿಗೆ ಮಾತ್ರ ಇವನು ಯಾವುದೋ ಪಂಪಿನ ಕೆಳಗೆ ಮಲಗಿದ್ದಿರಬೇಕು.

ಈ ಭಾಗಗಳನ್ನೆಲ್ಲ ಹೊತ್ತು ತರುತ್ತಿದ್ದವಳು ಡೆಲ್ಫಿನ್. ಊರಿನ ಅಂಚೆಯವಳು, ಐವತ್ತರ ಆಸುಪಾಸು, ಕಂಚಿನ ಕಂಠ. ಶನಿವಾರದ ಬಂಡೆ ಗುಂಪಿನಲ್ಲಿ ಅವಳೂ ಒಬ್ಬಳು.

"ಏನ್ರೀ ಥರ್ಮನ್, ಇಷ್ಟು ಪುಟ್ಟ ಪೆಟ್ಟಿಗೆ, ಇಷ್ಟೊಂದು ಭಾರ! ಮತ್ತೆ ಹಿತ್ತಾಳೆನಾ?"

"ಹೌದು."

"ಇಷ್ಟು ಹಿತ್ತಾಳೇಲಿ ಚರ್ಚಿಗೊಂದು ಗಂಟೆ ಮಾಡಿಸ್ಬಹುದಿತ್ತು. ಹೋಗ್ಲಿ, ಈ ಶನಿವಾರ ಬರ್ತೀರಾ?"

"ಗಾಡಿ ಇನ್ನೂ ಸಿದ್ಧ ಆಗಿಲ್ಲ."

"ನನ್ನ ಗಾಡಿ ನೋಡಿದ್ದೀರಾ? ಅರ್ಧ ಅಂಟು, ಅರ್ಧ ಪ್ರಾರ್ಥನೆ. ಹೋದ ವರ್ಷ ಎಲ್ಲಾ ಸ್ಪರ್ಧೇಲೂ ನಾನೇ ಕೊನೆ."

"ಅದಕ್ಕೇ ನಾನು ಹೇಳೋದು," ಎಂದ ಥರ್ಮನ್ ಗಂಭೀರವಾಗಿ, "ಭಾಗಗಳನ್ನ ಸರಿಯಾಗಿ ಆರಿಸ್ಬೇಕು ಅಂತ."

"ಕೊನೆಗಾದ್ರೂ ಬಂದೆ ನಾನು. ನೀವು ಬಂದೇ ಇಲ್ವಲ್ಲ!" ಎಂದು ತನ್ನ ಅಂಚೆ ಗಾಡಿ ಹತ್ತಿದವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಇನ್ನೊಂದು ಮಾತು. ನಿನ್ನೆ ನಾಲ್ಕು ಸ್ಕ್ರೂ, ಇವತ್ತು ನಾಲ್ಕು ವಾಷರ್. ಎಲ್ಲಾ ಒಂದೇ ಪೆಟ್ಟಿಗೇಲಿ ತರಿಸ್ಬಾರ್ದಾ?"

ಥರ್ಮನ್ ಕೆಮ್ಮಿದ. ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ನೀವು ಒಂದೇ ದಿನ ಬಂದು ಹೋಗುತ್ತೀರಿ ಎಂದು ಹೇಳುವುದಾದರೂ ಹೇಗೆ?

ಚಳಿಗಾಲ ಕಳೆಯಿತು. ವಸಂತದ ಮೊದಲ ಸ್ಪರ್ಧೆಯ ಶನಿವಾರ ಬಂತು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಬೆಳಿಗ್ಗೆ ಥರ್ಮನ್ ಹಿತ್ತಲಿನ ಕಲ್ಲುಗುಡ್ಡೆಯ ಮೇಲೆ ಗಾಡಿ ಬಿಟ್ಟು ನೋಡಿದ. ಚಕ್ರಗಳು ಬಂಡೆಯನ್ನು ಕಚ್ಚಿ ಹಿಡಿಯುವ ಬದಲು ಗಾಜಿನ ಮೇಲೆ ಓಡಿದಂತೆ ಜಾರಿದವು. ಟೈರು ಹಿಸುಕಿ ನೋಡಿದಾಗ ಕಾರಣ ಹೊಳೆಯಿತು. ಈ ಗಾಡಿಗಳ ಟೈರಿನೊಳಗೆ ತುಂಬುವುದು ಗಾಳಿಯಲ್ಲ, ಸ್ಪಂಜಿನ ಬಳೆ. ಮೆತ್ತನೆಯದು ಹಾಕಬೇಕಿದ್ದ ಕಡೆ ಥರ್ಮನ್ ಗಟ್ಟಿಯದನ್ನು ಹಾಕಿ, ಟೈರನ್ನು ಚಕ್ರಕ್ಕೆ ಅಂಟಿಸಿಯೂ ಬಿಟ್ಟಿದ್ದ. ತನ್ನ ಕೆಲಸ ಬಿಟ್ಟುಬರಬಾರದೆಂದು ಅಂಟನ್ನು ಎರಡು ಪಟ್ಟು ಸುರಿದಿದ್ದ! ಆ ಅಂಟು ಬಿಡಬೇಕಾದರೆ ಓವನ್ನಿನಲ್ಲಿಟ್ಟು ಬಿಸಿ ಮಾಡಬೇಕು. ಎಷ್ಟು ಬಿಸಿ ಎಂಬುದು ಅಂಟಿನ ಪೆಟ್ಟಿಗೆಯ ಮೇಲೆ ಬರೆದಿತ್ತು. ಆ ಪೆಟ್ಟಿಗೆ ಕ್ರಿಸ್ಮಸ್‌ಗೆ ಮುಂಚೆಯೇ ಕಸಕ್ಕೆ ಹೋಗಿತ್ತು.

ಅವನು ಓವನ್ನನ್ನು ಮುಟ್ಟಿದವನಲ್ಲ. ಡಬ್ಬಿಯ ಸೂಪು, ಬ್ರೆಡ್ಡು, ಇಷ್ಟರಲ್ಲೇ ವರ್ಷ ಕಳೆದಿದ್ದ. ತಟ್ಟೆಯಲ್ಲಿ ನಾಲ್ಕು ಚಕ್ರ ಜೋಡಿಸಿಟ್ಟುಕೊಂಡು ಮಧ್ಯಾಹ್ನದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದ.

"ಲೋರ್ನಾ, ಓವನ್ ಎಷ್ಟು ಬಿಸಿ ಇಡ್ಬೇಕು?"

ಮದುವೆಯಾದಾಗಿನಿಂದ ಅವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಏನು ಮಾಡ್ತಿದ್ದೀಯ?"

"ಕೋಳಿ," ಎಂದುಬಿಟ್ಟ ಥರ್ಮನ್.

"ಎಷ್ಟು ದೊಡ್ಡದು?"

ಅವನು ತಟ್ಟೆ ನೋಡಿದ. "ಸಣ್ಣವು. ನಾಲ್ಕು."

"ನಾಲ್ಕಾ! ಒಬ್ನೇ ಕೂತು ನಾಲ್ಕು ಕೋಳಿ ತಿಂತೀಯಾ?"

"ಇಲ್ಲಪ್ಪ. ಜನ ಬರ್ತಿದ್ದಾರೆ." ಸುಳ್ಳಿಗೂ ಒಂದು ಇಳಿಜಾರು ಇರುತ್ತದೆ, ಅಲ್ಲಿ ಎಷ್ಟು ಹಿತ್ತಾಳೆ ಕಟ್ಟಿಕೊಂಡರೂ ನಿಲ್ಲಲಾಗುವುದಿಲ್ಲ. "ಗೆಳೆಯರು."

ಲೋರ್ನಾಳ ದನಿ ಬೇರೆಯಾಯಿತು. "ನಿಜವಾಗ್ಲೂ? ನಾನು ದಿನಾ ಮಂಡಿಯೂರಿ ಅದನ್ನೇ ಕೇಳ್ಕೊಳ್ತಿದ್ದೆ ಕಣೋ. ಅವನ ಮೇಜಿಗೆ ಯಾರನ್ನಾದ್ರೂ ಕಳಿಸಪ್ಪಾ ಅಂತ."

ಥರ್ಮನ್‌ಗೆ ನಿಜ ಹೇಳಿಬಿಡೋಣ ಅನ್ನಿಸಿತು. ಬದಲಿಗೆ ತಟ್ಟೆಯ ಚಕ್ರಗಳನ್ನು ಸಾಲಾಗಿ ಸರಿಸಿದ.

"ನಾನೂರು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡು," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಬಾಗಿಲು ಪದೇ ಪದೇ ತೆಗೀಬೇಡ. ಫೋನೂ ಇಡ್ಬೇಡ, ನಾನು ಹೇಳ್ತಾ ಇರ್ತೀನಿ. ಬೆಣ್ಣೆ ಸವರಿದ್ಯಾ?"

"ಹೂಂ."

ಅರ್ಧ ಗಂಟೆ ಅವಳು ಸಾರು, ಸಲಾಡು, ಮೇಜಿನ ಬಟ್ಟೆ ಎಲ್ಲ ವಿಚಾರಿಸಿದಳು. ಅವನು ಎಲ್ಲದಕ್ಕೂ ಹೂಂ ಅಂದ.

"ಈಗ ನೋಡು, ಬಣ್ಣ ಹೇಗಿದೆ?"

"ಕಪ್ಪು."

"ಆಗ್ಲೇ ಕಪ್ಪಾಯ್ತಾ!"

"ತಂದಾಗ್ಲೂ ಕಪ್ಪಗೇ ಇತ್ತು."

"ಯಾವ ಅಂಗಡೀಲಿ ತಂದೆ ಮಾರಾಯ ಅಂಥಾ ಕೋಳಿನ!"

ಅಷ್ಟರಲ್ಲಿ ಓವನ್ನಿನ ಸಂದಿಯಿಂದ ಹೊಗೆ ಬಂತು. ಬೂದಿಬಣ್ಣದ ಹೊಗೆಯಲ್ಲ, ಕಾಡಿಗೆಯಂಥ ಹೊಗೆ. ಅರ್ಧದಷ್ಟು ಬಿಸಿ ಸಾಕಿತ್ತೆಂದು ಗೊತ್ತಾದದ್ದು ಆಮೇಲೆ. ಥರ್ಮನ್ ಕಿಟಕಿ ತೆರೆದ. ಹೊಗೆ ಊರಿಗೆಲ್ಲ ಕಾಣುವಂತೆ ಹೊರಟಿತು. ಚಾವಣಿಯ ಹೊಗೆಗಂಟೆ ಕಿರುಚತೊಡಗಿತು.

"ಏನದು ಸದ್ದು?"

"ಬಾಗಿಲ ಗಂಟೆ!" ಎಂದು ಕೆಮ್ಮುತ್ತ ಕೂಗಿದ ಥರ್ಮನ್. "ಅವರು ಬಂದ್ರು ಅನ್ಸುತ್ತೆ!"

ಅವರು ನಿಜವಾಗಿಯೂ ಬಂದರು! ಅಂಚೆ ಹಂಚುತ್ತ ಬಂದ ಡೆಲ್ಫಿನ್ ಕಿಟಕಿಯ ಹೊಗೆ ಕಂಡು ಸುದ್ದಿ ಮುಟ್ಟಿಸಿದ್ದಳು. ಸಾಲ್ಟ್‌ವೆಲ್‌ನಂಥ ಊರಿನಲ್ಲಿ ಬೆಂಕಿ ಆರಿಸಲು ಸಂಬಳದವರಿಲ್ಲ. ಊರವರೇ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಾರೆ. ಮುಂದೆ ಕೊಡಲಿ ಹಿಡಿದು, ಗಡ್ಡವನ್ನು ಕೋಟಿನೊಳಗೆ ತುರುಕಿಕೊಂಡ ವೆಂಡೆಲ್. ಹಿಂದೆ ಐದಾರು ಜನ, ನೀರಿನ ಕೊಳವೆ, ಗಮ್‌ಬೂಟುಗಳ ದಡದಡ. ಥರ್ಮನ್ ಒಬ್ಬೊಬ್ಬರ ಮುಖ ನೋಡಿದ. ಬಂಡೆಯ ಗುಂಪೇ!

ಮೇಜಿನ ಮೇಲೆ ಬಿಟ್ಟಿದ್ದ ಫೋನಿನಿಂದ ಲೋರ್ನಾ ಕೂಗುತ್ತಿದ್ದಳು: "ಅಬ್ಬಾ, ಎಷ್ಟು ಜನ ಬಂದಿದ್ದಾರೆ ಥರ್ಮನ್!"

ವೆಂಡೆಲ್ ಓವನ್ನಿಗೆ ಬೆಂಕಿ ಆರಿಸುವ ಬಿಳಿ ಪುಡಿ ಊದಿ, ಕೈಗವಸಿನಲ್ಲಿ ತಟ್ಟೆ ಎಳೆದು ಮೇಜಿನ ಮೇಲಿಟ್ಟ. ಎಲ್ಲರೂ ಬಗ್ಗಿದರು. ನಾಲ್ಕು ಪುಟ್ಟ ಟೈರುಗಳು ಕಾಲು ಮಡಚಿ ಕುಸಿದು ಕೂತ ಮುದುಕರಂತೆ ಕೂತಿದ್ದವು. ಥರ್ಮನ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಚಳಿಗಾಲವೆಲ್ಲ ಹೆದರಿದ್ದ ಆ ನಗು ಈಗ ಬರುತ್ತದೆ, ಅದೂ ತನ್ನ ಮನೆಯೊಳಗೇ!

ವೆಂಡೆಲ್ ಮೂಸಿ ನೋಡಿ ಕೇಳಿದ: "ಮೆತ್ತನೆ ರಬ್ಬರ್ ಅಲ್ವಾ?"

"ಹೌದು. ಅತಿ ಮೆತ್ತನೇದು."

"ಒಳಗೆ ಸ್ಪಂಜು?"

"ಗಟ್ಟೀದು ಹಾಕ್ಬಿಟ್ಟಿದ್ದೆ."

"ಛೆ, ಛೆ, ಛೆ," ಎಂದು ವೆಂಡೆಲ್ ಸಾವಿನ ಮನೆಗೆ ಬಂದವನಂತೆ ಕುರ್ಚಿ ಎಳೆದುಕೊಂಡು ಕೂತ. "ನಾನೂ ಹೀಗೇ ಮಾಡಿದ್ದೆ. ನನ್ನ ಹೆಂಡತಿ ಮೂರು ವಾರ ಮಾತು ಬಿಟ್ಟಿದ್ಲು."

"ಓವನ್‌ಗೆ ಹಾಕಿದ್ದೇ ತಪ್ಪು. ನೀರಲ್ಲಿ ಕುದಿಸ್ಬೇಕು," ಎಂದ ಇನ್ನೊಬ್ಬ.

"ಕುದಿಸಿ ನಿಂದು ಏನಾಯ್ತು ಅಂತ ಎಲ್ರೂ ನೋಡಿದ್ದೀವಿ, ಸುಮ್ನಿರು!"

ಹೊಗೆಗಂಟೆ ಇನ್ನೂ ಕಿರುಚುತ್ತಿತ್ತು. ಯಾರೋ ಅದರ ಬ್ಯಾಟರಿ ಕಿತ್ತು ಕಿಸೆಗಿಟ್ಟುಕೊಂಡರು. ಕೊಳವೆ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟೂ ಜನ ಮೇಜಿನ ಸುತ್ತ ಕೂತು, ನಿಂತು, ಸ್ಪಂಜು ಗಟ್ಟಿಯೋ ಮೆತ್ತಗೋ ಎಂದು ಜಗಳಕ್ಕಿಳಿದರು. ಫೋನನ್ನು ಡೆಲ್ಫಿನ್ ಎತ್ತಿಕೊಂಡಳು.

"ಯಾರಮ್ಮಾ ನೀವು? ಗೆಳೆಯರಾ? ಕೋಳಿ ಹೇಗಾಗಿದೆ?" ಎಂದಿತು ಲೋರ್ನಾಳ ದನಿ.

ಡೆಲ್ಫಿನ್ ತಟ್ಟೆ ನೋಡಿದಳು. ಗೋಡೆಗೊರಗಿದ್ದ ಥರ್ಮನ್‌ನ ಮುಖ ನೋಡಿದಳು. "ಸ್ವಲ್ಪ ಸೀದಿದೆ ಅಮ್ಮಾ. ಆದ್ರೂ ನೋಡಿ, ಎಲ್ರೂ ಅದರ ಸುತ್ತಲೇ ಕೂತಿದ್ದಾರೆ."

"ಪಾಪ, ಅವನಿಗೆ ಅಡುಗೆ ಬರಲ್ಲ. ಹೇಗೋ ತಿಂದ್ಬಿಡಿ."

"ನಮ್ಮ ಹಲ್ಲು ಗಟ್ಟಿ ಇದೆ ಬಿಡಿ!" ಎಂದು ಫೋನಿಟ್ಟು, ಡೆಲ್ಫಿನ್ ಥರ್ಮನ್‌ನ ಕಡೆ ತಿರುಗಿದಳು. "ಗಾಡಿ ಎಲ್ಲಿ? ತಗೋ ಹೊರಡು. ನನ್ನ ಹತ್ರ ಹಳೇ ಚಕ್ರ ಇದಾವೆ, ಸವೆದಿವೆ, ಆದ್ರೆ ಬೆಂದಿಲ್ಲ. ಇವತ್ತೂ ಸಿದ್ಧ ಆಗಿಲ್ಲ ಅಂದ್ಯೋ, ಆ ಹಿತ್ತಾಳೇನೆಲ್ಲಾ ವಾಪಸ್ ಕಳಿಸ್ಬಿಡ್ತೀನಿ!"

ಸಂಜೆ ಬಂಡೆಗಳ ಬಳಿ ಸ್ಪರ್ಧೆ. ಎರಡೆರಡು ಕಡ್ಡಿ ನೆಟ್ಟು ಬಾಗಿಲುಗಳನ್ನು ಮಾಡಿದ್ದರು. ಕಡ್ಡಿಗೆ ತಾಗದೆ, ಹಿಂದೆ ಸರಿಯದೆ, ಕೈಯಿಂದ ಎತ್ತದೆ ಎಲ್ಲ ಬಾಗಿಲು ದಾಟಬೇಕು, ತಪ್ಪಿದರೆ ದಂಡ. ಹತ್ತು ನಿಮಿಷದ ಗಡುವು. ಹೊರಗಿನ ತೀರ್ಪುಗಾರರಿಲ್ಲ. ಒಬ್ಬ ಗಾಡಿ ಓಡಿಸುವಾಗ ಇನ್ನೊಬ್ಬ ಅಂಕದ ಚೀಟಿ ಹಿಡಿದು ಜೊತೆಯಲ್ಲೇ ನಡೆಯಬೇಕು. ಅಷ್ಟು ಹೊತ್ತು ಅವನಿಗೆ ಬೇರೆ ಕೆಲಸವಿಲ್ಲ. ಕಣ್ಣೆಲ್ಲ ನಿಮ್ಮ ಗಾಡಿಯ ಮೇಲೆ.

ವೆಂಡೆಲ್‌ನ ಗಾಡಿ ಎರಡೇ ನಿಮಿಷದಲ್ಲಿ ಬೆಕ್ಕಿನಂತೆ ಹತ್ತಿ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಹೋಗಿ ನೆರಳಿನಲ್ಲಿ ಒಬ್ಬನೇ ಕೂತು ಚಕ್ರ ಒರೆಸತೊಡಗಿದ.

ಥರ್ಮನ್‌ನ ಸರದಿ. ಜೊತೆಗೆ ಚೀಟಿ ಹಿಡಿದು ಡೆಲ್ಫಿನ್.

"ಹೊರಡು ಮತ್ತೆ," ಎಂದಳು.

"ಹೊರಟು ಆಯ್ತು."

ಅವಳು ಬಗ್ಗಿ ನೋಡಿದಳು. ಮಂಡಿಯೂರಿ ನೋಡಿದಳು. "ಓ, ಹೌದು! ಹೋಗ್ತಿದೆ, ಹೋಗ್ತಿದೆ." ಆಮೇಲೆ ಹಾಗೇ ಬಂಡೆಯ ಮೇಲೆ ಕೂತುಬಿಟ್ಟಳು. ಮೊದಲ ಬಾಗಿಲು ಬರುವಷ್ಟರಲ್ಲಿ ತನ್ನ ಎಡ ಮಂಡಿಯ ನೋವಿನ ಪೂರ್ತಿ ಕತೆ ಹೇಳಿದಳು. ಎರಡನೆಯದಕ್ಕೆ ಮುಟ್ಟುವ ಮುಂಚೆ, ಅಂಚೆ ಸಮವಸ್ತ್ರ ಕಂಡರೆ ತನ್ನ ಸ್ವಂತ ನಾಯಿಯೇ ತನ್ನ ಮೇಲೆ ಎಗರುವುದನ್ನು ಹೇಳಿದಳು. ಥರ್ಮನ್ ಕೋಳಿಯ ಸುಳ್ಳು ಹೇಳಿದ. ಆ ಸುಳ್ಳಿಗೆ ಲೋರ್ನಾ ಅತ್ತದ್ದನ್ನೂ ಹೇಳಿದ.

"ಇವತ್ತು ರಾತ್ರಿ ಅವಳಿಗೆ ನಿಜ ಹೇಳ್ಬೇಕು."

"ಓವನ್ ವಿಷಯ ಹೇಳು, ಬೈಸ್ಕೋ. ಗೆಳೆಯರ ವಿಷಯದಲ್ಲಿ ನೀನು ಸುಳ್ಳೇನೂ ಹೇಳಿಲ್ವಲ್ಲ," ಎಂದಳು ಡೆಲ್ಫಿನ್, ಚೀಟಿಯಿಂದ ತಲೆ ಎತ್ತದೆ.

ಒಂದು ಹಲ್ಲಿ ಗಾಡಿಯನ್ನು ಹಿಂದೆ ಹಾಕಿ ಹೋಯಿತು. ಗಾಡಿಯ ಆ ನಿಧಾನ ನೋಡಲು ಒಬ್ಬೊಬ್ಬರೇ ಬಂದು ಸುತ್ತ ನಿಂತರು. "ಚಲಿಸ್ತಾ ಇದೆ ಕಣ್ರೋ!" "ಇಲ್ಲ, ನೆರಳು ಸರೀತಿರೋದು ಅದು!" ಮೂರನೆಯ ಬಾಗಿಲಿನಲ್ಲಿ ಅಷ್ಟೂ ಹಿತ್ತಾಳೆಯ ಸಮೇತ ಗಾಡಿ ಗಂಭೀರವಾಗಿ ವಾಲಿ, ಹೊಟ್ಟೆ ಮೇಲಾಗಿ ಬಿತ್ತು.

"ಅಯ್ಯೋ!" ಎಂದರು ಎಲ್ಲರೂ ಒಟ್ಟಿಗೆ.

ಥರ್ಮನ್ ರಿಮೋಟು ಕೆಳಗಿಟ್ಟು ತಾನೂ ಒಂದು ಅಯ್ಯೋ ಸೇರಿಸಿದ. ಆಮೇಲೆ ನಕ್ಕುಬಿಟ್ಟ.

ಹತ್ತು ನಿಮಿಷ ಮುಗಿಯಿತು. ಬಂಡೆ ಪಕ್ಕಕ್ಕೆ ಸರಿಯಲಿಲ್ಲ. ಥರ್ಮನ್ ಪ್ರೂಯಿಟ್ ಎಲ್ಲರಿಗಿಂತ ಕೊನೆ!

"ದೇವರು ನಿನಗೆ ಒಳ್ಳೇದು ಮಾಡ್ಲಿ!" ಎಂದು ಡೆಲ್ಫಿನ್ ಅವನ ಕೈ ಕುಲುಕಿದಳು. "ಈ ಊರಲ್ಲಿ ನಾನು ಕೊನೆ ಅಲ್ಲದ ಮೊದಲ್ನೇ ದಿನ ಇದು."

ವೆಂಡೆಲ್ ಗಡ್ಡ ನೀವಿಕೊಳ್ಳುತ್ತ ಬಂದ. ಗಾಡಿಯನ್ನು ಎತ್ತಿ, ಭಾರಕ್ಕೆ ಒಮ್ಮೆ ನರಳಿ, ತಿರುಗಿಸಿ ನೋಡಿದ. "ಇದನ್ನ ಒಂದು ವಾರ ನನ್ನ ಹತ್ರ ಬಿಡು. ಒಳ್ಳೇ ಮೋಟಾರು, ವೇಗದ ಗಿಯರು ಎರಡೂ ಬಂಕಲ್ಲಿ ಸುಮ್ನೆ ಬಿದ್ದಿವೆ. ಕಾಸೇನೂ ಬೇಡ. ಅರ್ಧ ಹಿತ್ತಾಳೆ ಕಿತ್ತುಹಾಕಿ ಕೂರಿಸಿ ಕೊಡ್ತೀನಿ. ಮುಂದಿನ ಶನಿವಾರ ನೀನೂ ಎರಡೇ ನಿಮಿಷಕ್ಕೆ ಮುಗಿಸಿಬಿಡಬಹುದು."

ಥರ್ಮನ್ ಎರಡೂ ಕೈ ಚಾಚಿ ತನ್ನ ಗಾಡಿಯನ್ನು ವಾಪಸು ತೆಗೆದುಕೊಂಡ.

"ಬೇಡ ಬಿಡು ವೆಂಡೆಲ್," ಎಂದ. "ಅಷ್ಟು ಬೇಗ ಮುಗಿಸಿ ನಾನು ಎಲ್ಲಿಗೆ ಹೋಗ್ಲಿ?"